ಸನ್‌ರೂಫ್ ಸೋರುವುದೋ, ಕಟ್ಟಿಕೊಳ್ಳುವುದೋ?

ಹಳೆಯ ಕಾರುಗಳ ದುರಸ್ತಿಯ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಸನ್‌ರೂಫಿನ ಅಧ್ಯಾಯದಲ್ಲಿ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. 'ಸನ್‌ರೂಫ್' ಎಂಬುದನ್ನು ಹಾಗೇ ಉಳಿಸಿಕೊಂಡಿದ್ದೇನೆ. 'ಬೆಳಕಿಂಡಿ' ಸೊಗಸಾದ ಪದವೇ, ಆದರೆ ಅದು ಮನೆಯ ಮಾಡಿನಲ್ಲಿ ಕದಲದೆ ಕೂತ ಗಾಜಿಗೆ ಒಪ್ಪುತ್ತದೆ. ಹಿಂದಕ್ಕೆ ಸರಿಯುವ, ಓರೆಯಾಗಿ ಮೇಲೇಳುವ ಗಾಜಿಗೆ ಒಪ್ಪುವುದಿಲ್ಲ. ನನ್ನ ತೊಡಕಿರುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ.

ಮಳೆ ಬಂದಾಗ ಕಾರಿನೊಳಗೆ ನೀರು ಬಂದರೆ ಎಲ್ಲರೂ ಹೇಳುವುದು 'ಸನ್‌ರೂಫ್ ಸೋರುತ್ತಿದೆ' ಎಂದು, ಇಲ್ಲವೇ 'ಲೀಕ್ ಆಗ್ತಿದೆ' ಎಂದು. 'ಸೋರು' ಎಂಬ ಕ್ರಿಯೆಗೆ ಕನ್ನಡದಲ್ಲಿ ಎರಡು ಬಗೆಯ ಕರ್ತೃ ಬರುತ್ತದೆ. 'ಗಡಿಗೆ ಸೋರುತ್ತದೆ' ಎನ್ನಬಹುದು, 'ನೀರು ಸೋರುತ್ತದೆ' ಎಂದೂ ಅನ್ನಬಹುದು. ಗಡಿಗೆ ಸೋರುತ್ತದೆ ಅಂದೊಡನೆ ಅದು ಒಡೆದಿದೆ, ಎಲ್ಲೋ ಬಿರುಕಿದೆ ಎಂಬ ಅರ್ಥ ತಾನಾಗಿ ಹೊರಡುತ್ತದೆ. ಸನ್‌ರೂಫ್ ಸೋರುತ್ತದೆ ಎಂದಾಗಲೂ ಕೇಳಿದವರ ಮನಸ್ಸು ಅಲ್ಲಿಗೇ ಹೋಗುತ್ತದೆ: ಗಾಜಿನ ಸುತ್ತ ಸಂದು ಬಿಟ್ಟಿದೆ, ಅದನ್ನು ಮುಚ್ಚಬೇಕು. ಸಿಲಿಕೋನ್ ಸೀಲಂಟ್ ತಂದು ಸುತ್ತಲೂ ಬಳಿಯುವುದು ಹೀಗೆಯೇ. ಆಮೇಲೆ ಗಾಜು ತೆರೆಯುವುದಿಲ್ಲ. ನೀರಂತೂ ಇನ್ಯಾವುದೋ ಸಂದಿನಿಂದ ಮತ್ತೆ ಬರುತ್ತದೆ.

ಕಾರಣ ಇಷ್ಟೇ. ಸರಿಯುವ ಸನ್‌ರೂಫ್ ಪೂರ್ತಿಯಾಗಿ ನೀರು ತಡೆಯುವಂತೆ ಮಾಡಿದ್ದಲ್ಲ. ಗಾಜಿನ ಅಂಚಿನ ರಬ್ಬರು ಬಹುಪಾಲು ನೀರನ್ನು ಹೊರಗೇ ಉಳಿಸುತ್ತದೆ, ಸ್ವಲ್ಪ ಒಳಗೆ ಬಂದೇ ಬರುತ್ತದೆ. ಹಾಗೆ ಬಂದ ನೀರನ್ನು ಹಿಡಿಯಲು ಗಾಜಿನ ಕೆಳಗೆ ಸುತ್ತಲೂ ಒಂದು ಟ್ರೇ ಇರುತ್ತದೆ. ಅದರ ಮೂಲೆಗಳಿಂದ, ಸಾಮಾನ್ಯವಾಗಿ ನಾಲ್ಕರಿಂದಲೂ, ತೆಳುವಾದ ಕೊಳವೆಗಳು ಹೊರಡುತ್ತವೆ. ಮುಂದಿನವೆರಡು ವಿಂಡ್‌ಶೀಲ್ಡಿನ ಪಕ್ಕದ ಕಂಬಗಳೊಳಗೆ ಇಳಿದು ಬಾಗಿಲ ಕೀಲಿನ ಹತ್ತಿರವೋ ಚಕ್ರದ ಕಮಾನಿನ ಒಳಗೋ ನೀರು ಬಿಡುತ್ತವೆ. ಹಿಂದಿನವೆರಡು ಹಿಂಬದಿಯ ಕಂಬಗಳಲ್ಲಿ ಇಳಿದು ಹಿಂದಿನ ಚಕ್ರದ ಅಥವಾ ಬಂಪರಿನ ಬಳಿ ತೆರೆದುಕೊಳ್ಳುತ್ತವೆ. ವರ್ಷಗಟ್ಟಲೆ ಬಿದ್ದ ಧೂಳು, ಎಲೆಚೂರು, ಹೂವಿನ ಪರಾಗ ಈ ಕೊಳವೆಗಳಲ್ಲಿ ಸೇರಿ ಹೂಳಾಗುತ್ತದೆ. ಆಗ ಟ್ರೇ ತುಂಬುತ್ತದೆ, ತುಂಬಿದ್ದು ಉಕ್ಕಿ ಒಳಛಾವಣಿಯ ಬಟ್ಟೆಯ ಮೇಲೆ ಹರಿಯುತ್ತದೆ. ತೂಬು ಹೂಳು ತುಂಬಿದ ಕೆರೆ ಏರಿಯ ಮೇಲೆ ಹರಿದರೆ ಯಾರೂ 'ಕೆರೆ ಸೋರುತ್ತಿದೆ' ಎನ್ನುವುದಿಲ್ಲ.

ಆದ್ದರಿಂದ ಕೈಪಿಡಿಯಲ್ಲಿ ನಾನು ಮೊದಲಿಗಿಡಬೇಕೆಂದಿರುವ ಪದ 'ಕಟ್ಟಿಕೊಳ್ಳು'. ಕೊಳವೆ ಕಟ್ಟಿಕೊಂಡಿದೆ ಅಂದರೆ ಹರಿವು ನಿಂತಿದೆ. ನೀರು ಕಟ್ಟಿಕೊಂಡಿದೆ ಅಂದರೆ ನಿಂತು ಶೇಖರವಾಗಿದೆ. ಕಾರಣಕ್ಕೂ ಪರಿಣಾಮಕ್ಕೂ ಒಂದೇ ಕ್ರಿಯಾಪದ. 'ಕೊಳವೆ ಕಟ್ಟಿದ್ದಕ್ಕೆ ಟ್ರೇನಲ್ಲಿ ನೀರು ಕಟ್ಟಿದೆ' ಎಂಬ ಒಂದು ವಾಕ್ಯದಲ್ಲಿ ಇಡೀ ರೋಗನಿರ್ಣಯ ಮುಗಿಯುತ್ತದೆ. ಇದು ಕನ್ನಡದ ಭಾಗ್ಯ ಎಂದೇ ನನಗನಿಸುತ್ತದೆ. ಆದರೂ ಒಂದು ಶಂಕೆಯಿದೆ. ಮೊದಲ ಸಲ ಓದುವವರಿಗೆ 'ಕಟ್ಟು' ಎಂದರೆ ಬಿಗಿಯುವುದು, ಬಂಧಿಸುವುದು ಎಂದು ತೋರಿ ಗೊಂದಲವಾದೀತೇ? 'ಮೂಗು ಕಟ್ಟಿದೆ' ಎಂಬ ಬಳಕೆ ಎಲ್ಲರಿಗೂ ಗೊತ್ತಿರುವುದರಿಂದ ಆಗಲಾರದು ಎಂಬುದು ನನ್ನ ಎಣಿಕೆ.

ಹಾಗೆಂದು 'ಸೋರು'ವಿನ ನಂಟರನ್ನು ಬಿಟ್ಟುಬಿಡಲಾರೆ. ನೀರು ಹೇಗೆ ಕಾಣಿಸಿಕೊಂಡಿತು ಎನ್ನುವುದರಲ್ಲೇ ಎಲ್ಲಿ ತಪ್ಪಿದೆ ಎಂಬ ಸುಳಿವಿರುತ್ತದೆ, ಮತ್ತು ನಮ್ಮಲ್ಲಿ ಒಂದೊಂದಕ್ಕೂ ಬೇರೆ ಮಾತಿದೆ. ಗಾಜಿನ ಅಂಚಿನಲ್ಲೇ ಸಣ್ಣಗೆ ನೀರು 'ಒಸರಿದರೆ' ರಬ್ಬರನ್ನು ನೋಡಬೇಕು. ಒಳದೀಪದ ಸುತ್ತಲಿಂದ 'ತೊಟ್ಟಿಕ್ಕಿದರೆ' ಟ್ರೇ ಉಕ್ಕಿ ನೀರು ಬಟ್ಟೆಯ ಮೇಲೆ ತಗ್ಗು ಹುಡುಕಿಕೊಂಡು ಬಂದಿದೆ. ಬ್ರೇಕ್ ಹಾಕಿದಾಗ ಮುಂದಿನಿಂದ ದಡಕ್ಕನೆ 'ಸುರಿದರೆ' ಟ್ರೇ ತುಂಬಿ ನಿಂತಿರುವುದು ಬಹುತೇಕ ಖಚಿತ. ಮೇಲೆಲ್ಲೂ ಹನಿ ಕಾಣದೆ ಕಾಲಡಿಯ ಕಾರ್ಪೆಟ್ ಮಾತ್ರ ಒದ್ದೆಯಾಗಿದ್ದರೆ ಕೊಳವೆ ಕಂಬದೊಳಗೆ ಕಳಚಿರಬಹುದು, ಇಲ್ಲವೇ ನೀರು ಎಸಿಯದ್ದೋ ಬಾಗಿಲಿನದ್ದೋ ಇರಬಹುದು. 'ಜಿನುಗು' ಎಂಬುದನ್ನು ಮಾತ್ರ ಕೈಬಿಟ್ಟಿದ್ದೇನೆ. ಅದು ಬೆವರಿಗೆ, ಕಣ್ಣೀರಿಗೆ ಚೆಂದ. ಇಲ್ಲಿ 'ಒಸರು'ವಿಗಿಂತ ಹೆಚ್ಚೇನನ್ನೂ ಹೇಳುವುದಿಲ್ಲ.

ಭಾಗಗಳ ಹೆಸರು. ನೀರಿಳಿಸುವ ಕೊಳವೆಗೆ 'ಬಸಿಗೊಳವೆ' ಎಂದಿದ್ದೇನೆ. ಹೊಲದ ಹೆಚ್ಚುವರಿ ನೀರನ್ನು ಹೊರಹಾಕುವ ಬಸಿಗಾಲುವೆ ಬಳಕೆಯಲ್ಲಿರುವುದರಿಂದ ಇದು ಹೊಸದಾಗಿ ಹುಟ್ಟಿಸಿದಂತೆ ಕೇಳಿಸದು. ಕಂಬಗಳಿಗೆ ಮುಂಗಂಬ, ಹಿಂಗಂಬ. ಟ್ರೇ ಟ್ರೇಯೇ ಇರಲಿ. ಅಂಚಿನ ರಬ್ಬರಿಗೆ 'ಸೀಲ್' ಎಂಬುದನ್ನು ಬೇಕೆಂದೇ ದೂರವಿಟ್ಟು, ಮೆಕ್ಯಾನಿಕ್‌ಗಳು ಹೇಳುವ 'ಬೀಡಿಂಗ್' ಬಳಸಿದ್ದೇನೆ. ಸೀಲ್ ಎಂದರೆ ಗಾಳಿಯೂ ನುಸುಳದಂತೆ ಮುಚ್ಚಿದ್ದು ಎಂಬ ಭಾವನೆ ಬರುತ್ತದೆ, ಮತ್ತೆ ಸೀಲಂಟಿನ ಕಡೆಗೇ ಕೈ ಹೋಗುತ್ತದೆ.

ಕೆಲಸದ ಕ್ರಿಯಾಪದಗಳಲ್ಲೂ ಎಚ್ಚರ ಬೇಕಾಗಿದೆ. ಮೊದಲು ಗಾಜು ತೆರೆದು ಟ್ರೇಯ ಒಂದೊಂದು ಮೂಲೆಗೂ ಒಂದಿಷ್ಟು ನೀರು 'ಹನಿಸಿ' ಕೆಳಗೆ ಎಲ್ಲಿ ಬರುತ್ತದೆಂದು ನೋಡಬೇಕು. 'ಸುರಿದು' ಎಂದು ಬರೆದರೆ ಯಾರಾದರೂ ಬಕೆಟ್ ಎತ್ತಿಯಾರು. ಕಟ್ಟಿದ ಬಸಿಗೊಳವೆಗೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದಂಥ ಬಾಗುವ ಎಳೆಯನ್ನು ಮೆಲ್ಲಗೆ 'ತೂರಿಸಬೇಕು'. ಅನೇಕರು 'ಚುಚ್ಚು' ಎನ್ನುತ್ತಾರೆ. ಚೂಪು ತಂತಿ ಹಾಕಿ ಚುಚ್ಚಿದರೆ ಕೊಳವೆಯೇ ತೂತಾಗುತ್ತದೆ. ಗಾಳಿಯನ್ನು 'ಊದಿ' ಎಂದಷ್ಟೇ ಬರೆಯುವುದೂ ಸಾಲದು, ಕಡಿಮೆ ಒತ್ತಡದಲ್ಲಿ ಎಂದು ಸೇರಿಸಲೇಬೇಕು. ಕಂಪ್ರೆಸರಿನ ಪೂರ್ಣ ಒತ್ತಡಕ್ಕೆ ಕೊಳವೆ ಟ್ರೇಯ ಮೂತಿಯಿಂದ ಕಳಚಿಕೊಂಡರೆ ಆಮೇಲೆ ನೀರು ನೇರವಾಗಿ ಕಂಬದೊಳಗೇ ಇಳಿಯುತ್ತದೆ. ಮತ್ತೆ ಜೋಡಿಸಲು ಕಂಬದ ಹೊದಿಕೆ ಬಿಚ್ಚಬೇಕು, ಅಲ್ಲಿ ಏರ್‌ಬ್ಯಾಗ್ ಇರುವ ಕಾರುಗಳೂ ಇವೆ. ಕೆಲವು ಕೊಳವೆಗಳ ತುದಿಯಲ್ಲಿ ರಬ್ಬರಿನ ತುಟಿಯಂಥ ಕವಾಟವಿರುತ್ತದೆ. ಕಸ ನಿಲ್ಲುವುದು ಬಹಳ ಸಲ ಅಲ್ಲೇ. ಅದನ್ನು ಬೆರಳಿನಿಂದ 'ಹಿಸುಕಿ' ಬಿಡಿಸಿದರೆ ಸಾಕು.

ಒಣಗಿಸುವ ಮಾತಿಗೆ ಬಂದರೆ, ಕಾರ್ಪೆಟ್ಟಿನ ಮೇಲ್ಮೈ ಒಣಗಿದರೂ ಅಡಿಯ ಫೋಮಿನಲ್ಲಿ ಪಸೆ ಉಳಿಯುತ್ತದೆ. ಮುಗ್ಗಲು ವಾಸನೆ ಅದರದ್ದು. 'ಒರೆಸಿ' ಎಂದು ಬರೆಯದೆ 'ಎತ್ತಿ ಒಣಗಿಸಿ' ಎಂದೇ ಬರೆದಿದ್ದೇನೆ.

ಇನ್ನು ನನಗೆ ಪದ ಸಿಗದೆ ಉಳಿದಿರುವುದು ಎರಡು ಕಡೆ. ಹಳೆಯ ಬೀಡಿಂಗ್ ಗಡುಸಾಗಿ, ಉದ್ದದಲ್ಲಿ ಕುಗ್ಗಿ, ಮೂಲೆಗಳಲ್ಲಿ ಗಾಜಿನಿಂದ ದೂರ ಸರಿದಿರುತ್ತದೆ. ಗಡುಸಾಗುವಿಕೆ ಇನ್ನೂ ಎಳೆಯದಾಗಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಿ ಸ್ವಲ್ಪ ಮೃದುವಾಗಿ ಉಳಿಸಿಕೊಳ್ಳಬಹುದು. ಪೆಟ್ರೋಲಿಯಂ ಜೆಲ್ಲಿ ಬೇಡ, ಈ ಜಾತಿಯ ರಬ್ಬರನ್ನು ಅದು ಉಬ್ಬಿಸಿ ಕೆಡಿಸುತ್ತದೆ. ಕುಗ್ಗಿಹೋಗಿದ್ದರೆ ಬದಲಿಸುವುದೊಂದೇ ದಾರಿ. ಈ ಎರಡು ಸ್ಥಿತಿಗಳನ್ನು ಬೇರೆ ಮಾಡಿ ತೋರಿಸುವ ಪದಗಳು ಬೇಕು. 'ಸೆಟೆದ' ಮತ್ತು 'ಮುರುಟಿದ' ಎಂಬುವನ್ನು ಯೋಚಿಸಿದೆ. ಸೆಟೆದದ್ದು ಮೊದಲನೆಯದಕ್ಕೆ ಹೊಂದುತ್ತದೆ. 'ಮುರುಟು'ವಿನಲ್ಲಿ ಕುಗ್ಗುವುದರ ಜೊತೆಗೆ ಸುಕ್ಕುವುದೂ ಇದೆ, ಬೀಡಿಂಗ್ ಸುಕ್ಕುವುದಿಲ್ಲ.

ಎರಡನೆಯದು ಗಾಜಿನ ಮಟ್ಟ. ಮುಚ್ಚಿದಾಗ ಗಾಜಿನ ಮುಂದಂಚು ಛಾವಣಿಗಿಂತ ಕೂದಲೆಳೆಯಷ್ಟು ತಗ್ಗಿರಬೇಕು, ಹಿಂದಂಚು ಅಷ್ಟೇ ಎತ್ತರವಿರಬೇಕು. ಸಾಮಾನ್ಯವಾಗಿ ಇದು 1 ಮಿಲಿಮೀಟರಿನ ಆಸುಪಾಸು, ನಿಖರ ಅಳತೆ ಕಾರಿನಿಂದ ಕಾರಿಗೆ ಬೇರೆ. ಗಾಳಿಯ ಸದ್ದು ಕಡಿಮೆಯಾಗಲಿ ಎಂದು ಈ ಏರ್ಪಾಡು. ಗಾಜು ಇದಕ್ಕಿಂತ ತಗ್ಗಿ ಕೂತರೆ ಬೇಕಾದ್ದಕ್ಕಿಂತ ಹೆಚ್ಚು ನೀರು ಟ್ರೇಗೆ ಇಳಿಯುತ್ತದೆ. ಸ್ಕ್ರೂ ಸಡಿಲಿಸಿ ಗಾಜನ್ನು ಈ ಮಟ್ಟಕ್ಕೆ ತರುವುದಕ್ಕೆ 'ಮಟ್ಟ ಮಾಡು' ಎಂದರೆ ಎಲ್ಲ ಕಡೆ ಸಮ ಮಾಡು ಎಂದಾಗುತ್ತದೆ, ಅದು ತಪ್ಪು. 'ಕೂರಿಸು' ಎಂದರೆ ಅಳತೆಯ ಸೂಚನೆ ಬರುವುದಿಲ್ಲ. ಬೇಕೆಂದೇ ಕೊಂಚ ಓರೆಯಾಗಿ ಹೊಂದಿಸುವುದಕ್ಕೆ ಮರಗೆಲಸದವರಲ್ಲೋ ಕಮ್ಮಾರರಲ್ಲೋ ಒಂದು ಮಾತಿದ್ದರೆ, ಅದು ಬಳಕೆಯಾಗುವ ವಾಕ್ಯದ ಸಮೇತ ತಿಳಿಸಿಕೊಡಿ.