ಆರೋಪಿ ಒಪ್ಪಿಕೊಂಡಿದ್ದಾನೆ ಅಂತ ಸುದ್ದಿ ಬಂದ ಮೇಲೂ ಕೋರ್ಟಲ್ಲಿ ಖುಲಾಸೆ ಆಗೋದು ಯಾಕೆ?

ಸಂಜೆಮಲ್ಲಿಗೆ:
ನಿಜವಾಗಿ ನಡೆದ ಕೊಲೆ ಕೇಸುಗಳನ್ನು ಎಫ್‌ಐಆರ್‌ನಿಂದ ಹಿಡಿದು ಕೊನೆಯ ತೀರ್ಪಿನವರೆಗೆ ಓದುವ ಅಭ್ಯಾಸ ನನಗಿದೆ. ಒಂದು ವಿಷಯ ಮಾತ್ರ ಪ್ರತಿ ಸಲ ತಲೆ ಕೆಡಿಸುತ್ತದೆ. ಬಂಧನ ಆದ ಮಾರನೇ ದಿನವೇ "ವಿಚಾರಣೆ ವೇಳೆ ತಪ್ಪೊಪ್ಪಿಕೊಂಡ ಆರೋಪಿ" ಅಂತ ದೊಡ್ಡ ಸುದ್ದಿ ಬರುತ್ತದೆ. ಆಯುಧ ಸಿಕ್ಕಿತು, ಕಾರಣ ಗೊತ್ತಾಯಿತು, ಕೇಸ್ ಮುಗಿಯಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ವರ್ಷಗಳು ಕಳೆದ ಮೇಲೆ ಒಳಪುಟದಲ್ಲಿ ನಾಲ್ಕು ಸಾಲು: ಸಾಕ್ಷ್ಯಾಧಾರದ ಕೊರತೆ, ಆರೋಪಿ ಬಿಡುಗಡೆ.

ದೆಹಲಿಯ ಕಾನೂನು ವಿದ್ಯಾರ್ಥಿನಿ ಪ್ರಿಯದರ್ಶಿನಿ ಮಟ್ಟೂ ಕೊಲೆ ಕೇಸನ್ನೇ ನೋಡಿ. ಕೊಲೆ ನಡೆದದ್ದು 1996ರಲ್ಲಿ. ಕೊಲೆ ಮಾಡಿದವನು ಇವನೇ ಅಂತ ತನಗೆ ಗೊತ್ತಿದ್ದರೂ ಸಂಶಯದ ಲಾಭ ಕೊಟ್ಟು ಬಿಡುತ್ತಿದ್ದೇನೆ ಅನ್ನುವ ಅರ್ಥದ ಮಾತನ್ನು ವಿಚಾರಣಾ ನ್ಯಾಯಾಧೀಶರು 1999ರ ತೀರ್ಪಿನಲ್ಲೇ ಹೇಳಿದ್ದರು. ಗೊತ್ತಿದ್ದೂ ಬಿಡೋದು ಅಂದರೆ ಏನರ್ಥ? ಆ ಹುಡುಗಿಯ ಮನೆಯವರು ಅದನ್ನು ಹೇಗೆ ಕೇಳಿಸಿಕೊಂಡಿರಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪಾಟಿಸವಾಲು:
ಕ್ರಿಮಿನಲ್ ಕೇಸು ನಡೆಸುವ ವಕೀಲ ನಾನು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ "ತಪ್ಪೊಪ್ಪಿಕೊಂಡ" ಅನ್ನುವ ಸುದ್ದಿಯಲ್ಲೇ ಇದೆ.

ಭಾರತದಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25 ಮತ್ತು 26ನೇ ಕಲಮುಗಳು ಇದನ್ನೇ ಹೇಳುತ್ತಿದ್ದವು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ನಿಯಮ 23ನೇ ಕಲಮಿನಲ್ಲಿ ಮುಂದುವರಿದಿದೆ. ಹೊಡೆದು ಬಡಿದು ಯಾರಿಂದ ಏನು ಬೇಕಾದರೂ ಹೇಳಿಸಬಹುದು, ಅದಕ್ಕೇ ಈ ಬೇಲಿ. ಹಾಗಾಗಿ ಪತ್ರಿಕೆಯಲ್ಲಿ ನೀವು ಓದಿದ ತಪ್ಪೊಪ್ಪಿಗೆ ತೀರ್ಪಿನ ಹೊತ್ತಿಗೆ ಲೆಕ್ಕಕ್ಕೇ ಇರೋದಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದರೆ ಮಾತು ಬೇರೆ. ಅಲ್ಲೂ ಅವರು "ನೀನು ಹೇಳಲೇಬೇಕು ಅಂತಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆ ಆಗಬಹುದು" ಅಂತ ಮೊದಲೇ ಎಚ್ಚರಿಸಬೇಕು.

ಇದಕ್ಕೊಂದು ಕಿಟಕಿ ಇದೆ, ಹಳೇ ಕಾಯ್ದೆಯ 27ನೇ ಕಲಮು. ಆರೋಪಿ ಹೇಳಿದ್ದರಿಂದ ಹೊಸದಾಗಿ ಏನಾದರೂ ಪತ್ತೆಯಾದರೆ, ಪತ್ತೆಗೆ ನೇರ ಸಂಬಂಧಪಟ್ಟ ಮಾತನ್ನಷ್ಟೇ ಕೋರ್ಟ್ ಒಪ್ಪುತ್ತದೆ. "ಈ ಚಾಕುವಿನಿಂದ ಕೊಂದೆ, ಸೇತುವೆ ಕೆಳಗೆ ಬಚ್ಚಿಟ್ಟೆ" ಅಂತ ಹೇಳಿದ, ಅಲ್ಲೇ ಚಾಕು ಸಿಕ್ಕಿತು ಅಂದುಕೊಳ್ಳಿ. "ಬಚ್ಚಿಟ್ಟೆ" ಅನ್ನೋದು ಉಳಿಯುತ್ತದೆ, "ಕೊಂದೆ" ಅನ್ನೋದು ಬಿದ್ದುಹೋಗುತ್ತದೆ. 1946ರ ಕೊನೆಗೆ ಪುಲುಕುರಿ ಕೊಟ್ಟಯ್ಯ ಕೇಸಿನಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್ ಹಾಕಿದ ಗೆರೆ ಇದು, ಇವತ್ತಿಗೂ ಅದನ್ನೇ ಹಿಡಿದು ವಾದ ಮಾಡುತ್ತೇವೆ. ಚಾಕು ಅಲ್ಲಿತ್ತು ಅನ್ನೋದು ಅವನಿಗೆ ಗೊತ್ತಿತ್ತು ಅಂತ ಮಾತ್ರ ಆಯಿತು. ಅದೇ ಚಾಕು ಕೊಲೆಗೆ ಬಳಕೆಯಾಯಿತು ಅನ್ನೋದನ್ನು ರಕ್ತದ ಕಲೆ, ವೈದ್ಯರ ಅಭಿಪ್ರಾಯ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಇವೆಲ್ಲ ಸೇರಿ ಹೇಳಬೇಕು. ವಸ್ತು ಸಿಕ್ಕಿದ್ದನ್ನು ಸ್ಥಳದಲ್ಲೇ ಬರೆದಿಡುವ ಮಹಜರಿಗೆ ಸಹಿ ಹಾಕಿದ ಪಂಚರು, ಅಂದರೆ ಹೊರಗಿನ ಸಾಕ್ಷಿಗಳು, ಸಾಕ್ಷಿ ಕಟಕಟೆಗೆ ಬಂದು "ಸ್ಟೇಷನ್‌ನಲ್ಲಿ ಕೂರಿಸಿ ಸಹಿ ಮಾಡಿಸಿಕೊಂಡರು" ಅಂದುಬಿಟ್ಟರೆ ಅಲ್ಲಿಗೆ ಆ ಕೊಂಡಿಯ ಬಲ ಕುಸಿಯುತ್ತದೆ. ಎಷ್ಟೋ ಕೇಸುಗಳು ಸಡಿಲ ಆಗೋದು ಈ ಮಹಜರಿನ ಹಂತದಲ್ಲೇ.

ಕಣ್ಣಾರೆ ಕಂಡವರಿಲ್ಲದ ಕೇಸುಗಳಿಗೆ 1984ರ ಶರದ್ ಸಾರ್ಡಾ ತೀರ್ಪು ದಾರಿ ತೋರಿಸುತ್ತದೆ. ವಿಚಾರಣಾ ಕೋರ್ಟ್ ಗಲ್ಲು ಹಾಕಿತ್ತು, ಬಾಂಬೆ ಹೈಕೋರ್ಟ್ ಎತ್ತಿ ಹಿಡಿದಿತ್ತು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಪ್ರತಿ ಸನ್ನಿವೇಶವೂ ಪೂರ್ತಿ ಸಾಬೀತಾಗಿರಬೇಕು, ಎಲ್ಲ ಸೇರಿ ಒಂದು ಸರಪಳಿ ಆಗಬೇಕು, ಆರೋಪಿ ನಿರಪರಾಧಿ ಆಗಿರಬಹುದು ಅನ್ನುವುದಕ್ಕೆ ಎಲ್ಲೂ ಜಾಗ ಉಳಿಯಬಾರದು ಅಂತ ಹೇಳಿತು. ಅನುಮಾನ ಎಷ್ಟೇ ಗಟ್ಟಿಯಾಗಿದ್ದರೂ ಸಾಕ್ಷ್ಯದ ಜಾಗಕ್ಕೆ ಬರೋದಿಲ್ಲ. "ಗೊತ್ತಿದ್ದೂ ಬಿಡೋದು" ಅಂದರೆ ಇದೇ. ನ್ಯಾಯಾಧೀಶರ ಮನಸ್ಸಿಗೆ ಅನಿಸಿದ್ದಕ್ಕೆ ಶಿಕ್ಷೆ ಕೊಡೋಕಾಗಲ್ಲ.

ಹಳೇಕಡತ:
ಮೇಲಿನವರು ಕಾನೂನನ್ನು ಸರಿಯಾಗಿಯೇ ಹೇಳಿದ್ದಾರೆ. ಆದರೆ ಮಟ್ಟೂ ಕೇಸು ಖುಲಾಸೆಗೆ ನಿಲ್ಲಲಿಲ್ಲ, ಅದನ್ನೂ ಹೇಳಬೇಕು ಅಲ್ವಾ? 2006ರಲ್ಲಿ ದೆಹಲಿ ಹೈಕೋರ್ಟ್ ಅದೇ ಕಡತ ನೋಡಿ ಅಪರಾಧಿ ಅಂತ ತೀರ್ಮಾನಿಸಿತು. ಒಡೆದ ಹೆಲ್ಮೆಟ್ಟಿನ ಗಾಜು, ಆರೋಪಿಯ ಕೈಗಾದ ಗಾಯ, ಮೊದಲಿನಿಂದ ಅವನು ಕೊಡುತ್ತಿದ್ದ ಕಿರುಕುಳದ ದೂರುಗಳು, ಡಿಎನ್‌ಎ. ಕೆಳಗಿನ ಕೋರ್ಟ್ ಡಿಎನ್‌ಎ ವರದಿಯನ್ನು ಪಕ್ಕಕ್ಕಿಟ್ಟಿತ್ತು, ಹೈಕೋರ್ಟ್ ಒಪ್ಪಿತು. ಹೈಕೋರ್ಟ್ ಕೊಟ್ಟ ಗಲ್ಲನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು, ಅಪರಾಧ ಸಾಬೀತು ಅನ್ನೋದನ್ನು ಉಳಿಸಿತು. ಅಂದರೆ ಸಾಕ್ಷ್ಯ ಇರಲಿಲ್ಲ ಅಂತಲ್ಲ, ಅದನ್ನು ತೂಗಿದ ರೀತಿಯೇ ತಪ್ಪಾಗಿತ್ತು. "ಸಂಶಯದ ಲಾಭ" ಅನ್ನೋದು ನಿಜವಾದ ಸಂಶಯಕ್ಕೆ ಸಿಗಬೇಕು, ಹುಡುಕಿ ಹುಡುಕಿ ತೆಗೆದ ಸಂಶಯಕ್ಕಲ್ಲ.

ಜೆಸ್ಸಿಕಾ ಲಾಲ್ ಕೇಸು ಇನ್ನೂ ಹೊಟ್ಟೆ ಉರಿಸುತ್ತದೆ. 1999ರಲ್ಲಿ ದೆಹಲಿಯ ಒಂದು ಪಾರ್ಟಿಯಲ್ಲಿ, ಅಷ್ಟು ಜನರಿದ್ದ ಕಡೆ, ಈ ಮಾಡೆಲ್ ಮೇಲೆ ಗುಂಡು ಹಾರಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, ಪಿಸ್ತೂಲು ಸಿಗಲೇ ಇಲ್ಲ, 2006ರ ಫೆಬ್ರವರಿಯಲ್ಲಿ ಎಲ್ಲರೂ ಹೊರಗೆ ಬಂದರು. ಜನ ಬೀದಿಗಿಳಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಮುಖ್ಯ ಆರೋಪಿ ಮನು ಶರ್ಮಾಗೆ ಜೀವಾವಧಿ ಕೊಟ್ಟಿತು. ಸಾಕ್ಷಿ ಹೇಳಿದವರನ್ನು ಕಾಯುವ ವ್ಯವಸ್ಥೆ ಇಲ್ಲದ ಕಡೆ ಕಾನೂನು ಎಷ್ಟು ಚೆನ್ನಾಗಿದ್ದರೇನು? ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದೇ 2018ರ ಕೊನೆಗೆ. ಕೊಲೆಯಾದವರ ಕುಟುಂಬಕ್ಕೆ ಇಷ್ಟೆಲ್ಲ ವರ್ಷ ನಾವು ಏನು ಉತ್ತರ ಕೊಟ್ಟೆವು ಅಂತ ಕೇಳಬೇಕು ಅನಿಸುತ್ತದೆ.

ಮೈಕ್ರೋಸ್ಕೋಪ್:
ತಪ್ಪೊಪ್ಪಿಗೆಯನ್ನು ಯಾಕೆ ನಂಬಬಾರದು ಅನ್ನುವುದಕ್ಕೆ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಕೇಸು ಓದಿ. 1983 ಮತ್ತು 1986ರಲ್ಲಿ ಅಕ್ಕಪಕ್ಕದ ಊರುಗಳಲ್ಲಿ 15 ವರ್ಷದ ಇಬ್ಬರು ಹುಡುಗಿಯರ ಕೊಲೆಯಾಯಿತು. 17 ವರ್ಷದ ಒಬ್ಬ ಹುಡುಗ ಎರಡನೇ ಕೊಲೆಯನ್ನು ಒಪ್ಪಿಕೊಂಡ, ಮೊದಲನೆಯದನ್ನು ಮಾತ್ರ ಇಲ್ಲ ಅಂದ. ಮೊದಲನೆಯದೂ ಇವನದೇ ಅಂತ ಖಾತ್ರಿ ಮಾಡಿಕೊಳ್ಳಲು ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ ಅವರ ಹತ್ತಿರ ಹೋದರು. ಡಿಎನ್‌ಎ ಬೆರಳಚ್ಚು ವಿಧಾನ ಕಂಡುಹಿಡಿದವರು ಅವರು. ಎರಡೂ ಕೊಲೆ ಒಬ್ಬನದೇ ಅಂತ ಪರೀಕ್ಷೆ ಹೇಳಿತು, ಆದರೆ ಆ ಒಬ್ಬ ಈ ಹುಡುಗ ಅಲ್ಲ! ಪೊಲೀಸರ ಮುಂದಿನ ಒಪ್ಪಿಗೆಯೇ ಸಾಕು ಅಂದಿದ್ದರೆ ಆ ಹುಡುಗನ ಬದುಕೇ ಮುಗಿದಿರುತ್ತಿತ್ತು.

ಆಮೇಲೆ ಸುತ್ತಮುತ್ತಲಿನ ಸುಮಾರು 5,000 ಗಂಡಸರ ರಕ್ತ ತೆಗೆದುಕೊಂಡರು, ಯಾರದೂ ಹೊಂದಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ಅನ್ನುವವನು ತನ್ನ ಜಾಗದಲ್ಲಿ ಜೊತೆಗೆ ಕೆಲಸ ಮಾಡುವವನನ್ನು ಕಳಿಸಿ ರಕ್ತ ಕೊಡಿಸಿದ್ದ. ಆ ಜೊತೆಗಾರ ಪಬ್ಬಿನಲ್ಲಿ ಆಡಿದ ಮಾತು ಇನ್ನೊಬ್ಬರ ಕಿವಿಗೆ ಬಿದ್ದು 1987ರಲ್ಲಿ ಸಿಕ್ಕಿಬಿದ್ದ. 1988ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಪ್ರಯೋಗಾಲಯ ಎಷ್ಟೇ ಮುಂದುವರಿದಿದ್ದರೂ ಟ್ಯೂಬಿನಲ್ಲಿರುವ ರಕ್ತ ಯಾರದು ಅಂತ ನೋಡಿಕೊಳ್ಳಬೇಕಾದವರು ಮನುಷ್ಯರೇ. ನಮ್ಮ ಕೋರ್ಟುಗಳು ಮಾದರಿ ಯಾರು ತೆಗೆದರು, ಸೀಲು ಹಾಕಿದ್ದು ಯಾವಾಗ, ಎಫ್‌ಎಸ್‌ಎಲ್‌ಗೆ ತಲುಪುವವರೆಗೆ ಎಲ್ಲಿತ್ತು ಅಂತ ಕೆದಕಿ ಕೇಳೋದು ಸುಮ್ನೆ ಅಲ್ಲ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದ. 27ನೇ ಕಲಮಿನ ವಿಷಯ ನಿಜಕ್ಕೂ ಗೊತ್ತಿರಲಿಲ್ಲ. ಸರ್, ಆರೋಪಿ ತೋರಿಸಿದ ಜಾಗದಲ್ಲಿ ಸಿಕ್ಕ ವಸ್ತು ಕೊನೆಯ ತೀರ್ಪಿನವರೆಗೂ ಗಟ್ಟಿಯಾಗಿ ನಿಂತ ಕೇಸು ಯಾವುದಾದರೂ ಇದೆಯಾ? ಸುದ್ದಿ ಬಿಟ್ಟು ತೀರ್ಪನ್ನೇ ಓದಬೇಕು ಅಂತಿದ್ದೇನೆ.

ಪಾಟಿಸವಾಲು:
ಸ್ವಾಮಿ ಶ್ರದ್ಧಾನಂದ ಕೇಸು ಓದಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದರು. ಅಮ್ಮ ಎಲ್ಲಿ ಅಂತ ಮಗಳು ಕೇಳಿದಾಗಲೆಲ್ಲ ಅವರ ಎರಡನೇ ಗಂಡನಾಗಿದ್ದ ಇವನು ಒಂದೊಂದು ಸಲ ಒಂದೊಂದು ಸುಳ್ಳು ಹೇಳಿದ. ಮಗಳು ಬಿಡಲಿಲ್ಲ, ದೂರು ಕೊಟ್ಟು ಬೆನ್ನು ಹತ್ತಿದಳು. 1994ರಲ್ಲಿ ಅವನು ತೋರಿಸಿದ ಕಡೆ, ರಿಚ್‌ಮಂಡ್ ರಸ್ತೆಯ ಅವರ ಸ್ವಂತ ಮನೆಯ ಅಂಗಳದಲ್ಲೇ ಅಗೆದಾಗ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು. ಅಗೆದದ್ದನ್ನು ವಿಡಿಯೋ ಮಾಡಿದ್ದರು, ಗುರುತನ್ನು ಡಿಎನ್‌ಎ ಮೂಲಕ ಪಕ್ಕಾ ಮಾಡಿದರು.

ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಆದರೂ 2005ರಲ್ಲಿ ವಿಚಾರಣಾ ಕೋರ್ಟ್ ಅಪರಾಧಿ ಅಂದಿತು, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನಲ್ಲೂ ಅದು ನಿಂತಿತು. ತಕರಾರು ಉಳಿದದ್ದು ಗಲ್ಲೋ ಜೀವಾವಧಿಯೋ ಅನ್ನುವುದರ ಮೇಲೆ ಮಾತ್ರ. 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತೆಗೆದು, ಸಾಯುವವರೆಗೂ ಬಿಡುಗಡೆ ಇಲ್ಲದ ಜೀವಾವಧಿ ಅಂತ ಬರೆಯಿತು. ಆ ತೀರ್ಪು ಇಂಡಿಯನ್ ಕಾನೂನ್ ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಕೊಲೆಯ ವಿವರ ಇರುವ ಮೊದಲ ಭಾಗ ಓದುವಾಗ ಸಂಕಟ ಆಗುತ್ತದೆ, ತಯಾರಾಗಿ ಓದಿ. ಅಲ್ಲಿ ಅರ್ಥವಾಗದ ಪ್ಯಾರಾ ಇದ್ದರೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.