ಮಂಡ್ಯದಲ್ಲಿ ಕಬಡ್ಡಿ ಟೀಮ್ ಕಟ್ಟಬಹುದಾ, ಮೈಸೂರೇ ವಾಸಿನಾ? ಅನುಭವ ಇದ್ದೋರು ಹೇಳಿ

ನಾವು ನಾಲ್ಕು ಜನ ಸೇರಿ, ಆಟಗಾರರಿಗೆ ಸಂಬಳ ಕೊಟ್ಟು ಒಂದು ಕಬಡ್ಡಿ ಟೀಮ್ ನಡೆಸೋ ಯೋಚನೆಯಲ್ಲಿದ್ದೀವಿ. ಕೈಯಲ್ಲಿ 20 ಲಕ್ಷ ಇದೆ. ಊರು ಮಂಡ್ಯ, ಆದ್ರೆ ಇಬ್ಬರು ಮೈಸೂರೇ ಸರಿ ಅಂತಾರೆ. ಯಾವ ಊರು ಒಂದು ಟೀಮನ್ನ ಸಾಕುತ್ತೆ?

ಬಸರಾಳು ರೈಡರ್:
ಕೈ ಸುಟ್ಕೊಂಡವನು ನಾನು, ಕೇಳಿ. 12 ಹುಡುಗ್ರು, ದಿನಕ್ಕೆ 800, 20 ದಿನದ ಕ್ಯಾಂಪು, 1,92,000 ಆಯ್ತು. ಮೊಟ್ಟೆ, ಕೋಳಿ, ಬಾಳೆಹಣ್ಣು ಬೇರೆ. ಆಮೇಲೆ ಐದು ರಾತ್ರಿ ಟೂರ್ನಿ. ಮ್ಯಾಟ್ ಬಾಡಿಗೆ ರಾತ್ರಿಗೆ 14,000, ಗ್ಯಾಲರಿ ಲೈಟು ಸೇರಿ 1,10,000. ಟಿಕೆಟ್ 50 ರೂಪಾಯಿ. ಮೊದಲ ರಾತ್ರಿ 412 ಹೋಯ್ತು, ಎರಡನೇ ರಾತ್ರಿ 233. ಅದೇ ಹುಡುಗ್ರು ಅದೇ ತಿಂಗ್ಳು ಪಕ್ಕದ ಊರಹಬ್ಬದಲ್ಲಿ ಆಡಿದಾಗ ಮರದ ಮೇಲೆಲ್ಲ ಜನ! ನಮ್ಮ ಕಡೆ ಕಬಡ್ಡಿ ಅಂದ್ರೆ ಹಬ್ಬ. ಹಬ್ಬಕ್ಕೆ ಯಾರಾದ್ರೂ ಟಿಕೆಟ್ ತಗೋತಾರಾ?

ಮೂರನೇ ರಾತ್ರಿ ಮಳೆ. ಮ್ಯಾಟಿನ ಸಂದಿಯೊಳಗೆ ನೀರಿಳಿದು, ಮೇಲೆ ಎಷ್ಟು ಒರೆಸಿದ್ರೂ ಕಾಲಿಟ್ಟ ಕೂಡ್ಲೇ ಪಿಚಕ್ ಅಂತ ಚಿಮ್ಮೋದು. ಗೋಣಿಚೀಲ ಹಾಸಿ ತುಳಿದ್ವಿ. ಆಗ್ಲಿಲ್ಲ ಅಂತ ಬಿಚ್ಚಿ, ಒಂದೊಂದೇ ತುಂಡು ನಿಲ್ಲಿಸಿ ಫ್ಯಾನ್ ಹಾಕಿದ್ವಿ. ರಾತ್ರಿ 11ಕ್ಕೆ ಶುರುವಾದ ಮ್ಯಾಚಲ್ಲಿ ನಮ್ಮ ಮೇನ್ ರೈಡರ್ ಬೋನಸ್ ಪಾಯಿಂಟ್‌ಗೆ ಕಾಲು ಚಾಚಿ ಜಾರಿದ. ಮಂಡಿ ಲಿಗಮೆಂಟ್ ಹರೀತು. ಆಪರೇಷನ್ 1,85,000, ನಾನೇ ಕಟ್ಟಿದೆ. ಇವತ್ತೂ ಅವನು ಮೆಟ್ಟಿಲು ಇಳಿಯುವಾಗ ಗೋಡೆ ಹಿಡೀತಾನೆ.

ಒಂಟಿಕೊಪ್ಪಲ್ ಜರ್ಸಿ:
ಅದು ಮಂಡ್ಯದ ಕಥೆ. ಮೈಸೂರು ದುಡ್ಡು ಕೊಟ್ಟು ನೋಡೋ ಊರು, ಆದ್ರೆ ನಮಗೆ ನೋಡೋಕೆ ಬಿಟ್ಟಿದ್ದೆಲ್ಲಿ? 2022ರಲ್ಲಿ ನಮ್ಮ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯ ಮೊದಲ ಭಾಗ ನಮ್ಮೂರ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಆಯ್ತು. 2024ರಲ್ಲಿ ಕರುಣ್ ನಾಯರ್ ಕ್ಯಾಪ್ಟನ್ ಆಗಿ ಮೈಸೂರು ವಾರಿಯರ್ಸ್ ಕಪ್ಪೇ ಗೆದ್ದಿತು, ಮ್ಯಾಚೆಲ್ಲ ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ. 2025ರಲ್ಲಿ ಟೂರ್ನಿ ನಮ್ಮೂರಿಗೆ ಬಂತು ಅಂತ 300 ಜರ್ಸಿ ಹೊಡೆಸಿದೆ, ಒಂದಕ್ಕೆ 210ರಂತೆ 63,000. ಜೂನ್ 4ರ ಚಿನ್ನಸ್ವಾಮಿ ಕಾಲ್ತುಳಿತದಲ್ಲಿ 11 ಜೀವ ಹೋಗಿದ್ದ ವರ್ಷ ಅದು, ಪ್ರೇಕ್ಷಕರನ್ನ ಒಳಗೆ ಬಿಡ್ಲಿಲ್ಲ. 227 ಜರ್ಸಿ ಇನ್ನೂ ಅಟ್ಟದ ಮೇಲಿವೆ. ಹಾಗಂತ ನನ್ನೂರು ಟೀಮ್ ಸಾಕಲ್ಲ ಅಂದ್ರೆ ಒಪ್ಪಲ್ಲ.

ಪುಣೆಯಿಂದ ವಾಪಸ್:
ದೊಡ್ಡ ಊರು ಅಂತ ನಂಬಿ ಕೆಟ್ಟವನು ನಾನು. ಪುಣೆಯಲ್ಲಿದ್ದಾಗ ಫುಟ್‌ಬಾಲ್‌ಗೆ ಅಂತ ವಾರದ ಕೊನೆಯೆಲ್ಲ ಬಾಲೇವಾಡಿ ಸ್ಟೇಡಿಯಂನಲ್ಲಿ ಕಳೆದಿದ್ದೀನಿ. 2019ರಲ್ಲಿ ಎಫ್‌ಸಿ ಪುಣೆ ಸಿಟಿ ಬಾಗಿಲು ಹಾಕ್ತು, ಅದರ ಜಾಗಕ್ಕೆ ಹೈದರಾಬಾದ್ ತಂಡ ಬಂತು. ಹೈದರಾಬಾದ್ 2022ರಲ್ಲಿ ಐಎಸ್‌ಎಲ್ (ದೇಶದ ಫುಟ್‌ಬಾಲ್ ಲೀಗ್) ಕಪ್ ಗೆದ್ದೂ 2025ರಲ್ಲಿ ಗಂಟುಮೂಟೆ ಕಟ್ಟಿ ದೆಹಲಿಗೆ ಹೋಯ್ತು. ಈ ಎರಡು ಊರಿನ ಮುಂದೆ ಮೈಸೂರು ಯಾವ ಲೆಕ್ಕ? ಅದೇ ಜೆಮ್‌ಶೆಡ್‌ಪುರದ ತಂಡ 2017ರಿಂದ ಐಎಸ್‌ಎಲ್‌ನಲ್ಲಿ ಆಡ್ತಿದೆ. ಟಾಟಾ ಸ್ಟೀಲ್ ತಂಡ ಅದು. ನಷ್ಟದ ವರ್ಷ ದುಡ್ಡು ಹಾಕೋ ಯಜಮಾನ ಯಾರು ಅನ್ನೋದನ್ನ ನೋಡಿ, ಊರಿನ ಜನಸಂಖ್ಯೆಯನ್ನಲ್ಲ.

ಮದ್ದೂರಿನವನು, ವಿಸ್ಕಾನ್ಸಿನ್:
ಯಜಮಾನನೇ ಬೇಡ. ಇಲ್ಲಿ ಗ್ರೀನ್ ಬೇ ಅಂತ ಊರಿದೆ, 2020ರ ಗಣತಿಯಲ್ಲಿ ಜನ 1 ಲಕ್ಷ 7 ಸಾವಿರ. ಮಂಡ್ಯ 2011ರಲ್ಲೇ 1 ಲಕ್ಷ 37 ಸಾವಿರ ಇತ್ತು. ಆ ಪುಟ್ಟ ಊರಿನ ಪ್ಯಾಕರ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಜನರೇ ಮಾಲೀಕರು, 5 ಲಕ್ಷಕ್ಕೂ ಹೆಚ್ಚು ಷೇರುದಾರರು. 2021ರಲ್ಲಿ ನಾನೂ 300 ಡಾಲರ್ ಕೊಟ್ಟು ಒಂದು ಷೇರು ತಗೊಂಡೆ. ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರೋ ಹಾಗೂ ಇಲ್ಲ. ಫ್ರೇಮ್ ಹಾಕ್ಸಿ ದೇವರಮನೆ ಪಕ್ಕದ ಗೋಡೆಗೆ ತೂಗುಹಾಕಿದ್ದೀನಿ. ಡೈರಿ ಸೊಸೈಟಿ ಕಟ್ಟಿ ನಡೆಸ್ತಿರೋ ಮಂಡ್ಯದ ಜನಕ್ಕೆ ಇದು ಆಗದ ಕೆಲಸನಾ?

ಬಸರಾಳು ರೈಡರ್:
ಅಲ್ಲಿ ಲೀಗ್‌ನ 32 ತಂಡ ಟಿವಿ ದುಡ್ಡನ್ನ ಸಮಪಾಲು ಹಂಚ್ಕೋತವೆ ಸ್ವಾಮಿ, ಅದನ್ನ ಯಾಕೆ ಬಿಟ್ರಿ? ನಮ್ಮಲ್ಲಿ ಕೇಬಲ್‌ನೋರು ಕೇಳಿದ್ದು, ಲೈವ್ ಹಾಕೋಕೆ ನೀವೆಷ್ಟು ಕೊಡ್ತೀರಾ ಅಂತ! ಡೈರಿಗೆ ದಿನಾ ಎರಡು ಹೊತ್ತು ಹಾಲು ಬರ್ತದೆ. ಟೀಮು ಐದು ರಾತ್ರಿ ಕರೆದು ವರ್ಷಪೂರ್ತಿ ಮೇಯ್ತದೆ.

ಮದ್ದೂರಿನವನು, ವಿಸ್ಕಾನ್ಸಿನ್:
ಮಳೆಗಾಲದಲ್ಲಿ ಬಯಲಲ್ಲಿ ಟೂರ್ನಿ ಇಟ್ಟು ಊರಿನ ಮೇಲೆ ಯಾಕೆ ತಪ್ಪು ಹಾಕ್ತೀರಿ?

ಬಸರಾಳು ರೈಡರ್:
ಮಾರ್ಚ್ ಕಣ್ರೀ ಅದು, ಮಾರ್ಚ್! ಅಲ್ಲಿ ಕೂತ್ಕೊಂಡು ನನಗೆ ಮಳೆಗಾಲ ಕಲಿಸಬೇಡಿ. ಮೈಸೂರಿನೋರೂ ಅಷ್ಟೇ. ದಸರಾ ಕುಸ್ತಿಗೆ ಪಾಸ್ ಕೇಳ್ತಾರೆ, ಜೇಬಿಗೆ ಕೈ ಹಾಕಲ್ಲ.

ಒಂಟಿಕೊಪ್ಪಲ್ ಜರ್ಸಿ:
ಕುಸ್ತಿ ಸುದ್ದಿಗೆ ಬರಬೇಡಿ. ನಮ್ಮ ತಾತ ಗರಡಿಯಲ್ಲಿ ಮಟ್ಟಿ ಮಣ್ಣು ಹದ ಮಾಡ್ತಿದ್ದೋರು. ಪೈಲ್ವಾನರಿಗೆ ಹಾಲು ಬಾದಾಮಿ ಕೊಟ್ಟು ಸಾಕಿದ್ದು ಮೈಸೂರಿನ ಬೀದಿಗಳೇ, ಟಿಕೆಟ್ ಹರಿದಲ್ಲ.

ಪುಣೆಯಿಂದ ವಾಪಸ್:
ಅಂದ್ರೆ ಟಿಕೆಟ್ ಹರಿಯಲ್ಲ ಅಂತ ನೀವೇ ಒಪ್ಪಿದ್ರಿ.

ಒಂಟಿಕೊಪ್ಪಲ್ ಜರ್ಸಿ:
ನಾನು ಹೇಳಿದ್ದು ಅದಲ್ಲ! ಅರ್ಧ ಓದಿ ಉತ್ತರ ಕೊಡಬೇಡಿ.

ಪ್ರಶ್ನೆ ಕೇಳಿದವನು:
ಬಸರಾಳು ಅಣ್ಣ, ಆ ರೈಡರ್‌ಗೆ ಇನ್ಶೂರೆನ್ಸ್ ಇರ್ಲಿಲ್ವಾ?

ಬಸರಾಳು ರೈಡರ್:
ಇರ್ಲಿಲ್ಲ. ವಿಚಾರಿಸಿದ್ದೆ, ಒಬ್ಬನಿಗೆ 2,300 ಅಂದ್ರು, 12 ಜನಕ್ಕೆ 27,600. ಆ ದುಡ್ಡಿಗೆ ಇನ್ನೊಂದು ರಾತ್ರಿ ಲೈಟು ಬರ್ತದೆ ಅಂತ ಬಿಟ್ಟೆ.