ತೋಟದ ಹಳೆಯ ಜೀಪ್ ಕೊಳ್ಳಬಹುದೇ? ಅನುಭವವಿದ್ದವರು ಹೇಳಿ

ಬನಶಂಕರಿಯಿಂದ ಪ್ರಶ್ನೆ

ಮೂಡಿಗೆರೆ ಕಡೆ ಪರಿಚಯದವರ ಕಾಫಿ ತೋಟದಲ್ಲಿ ಮಹೀಂದ್ರದ ಸಿಜೆ 3ಬಿ ಜೀಪ್ ಮಾರಾಟಕ್ಕಿದೆ. ಆರ್‌ಸಿ ಪುಸ್ತಕದಲ್ಲಿ 1968 ಎಂದಿದೆ, ನಂಬರ್ ಎಂವೈ ಎಂದು ಶುರುವಾಗುತ್ತದೆ. ಪೆಟ್ರೋಲ್ ಎಂಜಿನ್ ತೆಗೆದು ಯಾವುದೋ ಡೀಸೆಲ್ ಕೂರಿಸಿದ್ದಾರೆ. ಸ್ನೇಹಿತರೊಬ್ಬರು "ಕೊಳ್ಳುವುದಾದರೆ ಸೇನೆಯ ಜೋಂಗಾ ಕೊಳ್ಳಿ" ಎನ್ನುತ್ತಿದ್ದಾರೆ. ನನಗೆ ಬೇಕಿರುವುದು ಭಾನುವಾರ ಸಾವನದುರ್ಗ, ಮಾಗಡಿ ಕಡೆ ಸುತ್ತಾಡಿ ಬರಲು ಮಾತ್ರ. ಏನೇನು ನೋಡಬೇಕು?

ಬಸವನಗುಡಿಯಿಂದ

ಮೊದಲು ಕಾಗದ, ಆಮೇಲೆ ಗಾಡಿ. ಎಂವೈ ನಂಬರ್ ಎಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ನೋಂದಣಿ, ಚೆಂದವೇ ಚೆಂದ. ಆದರೆ ಅಂತಹ ಎಷ್ಟೋ ಪುಸ್ತಕಗಳ ವಿವರ ಆರ್‌ಟಿಒ ಕಂಪ್ಯೂಟರಿಗೆ ಏರಿರುವುದಿಲ್ಲ. ಏರಿಸಬೇಕಾದವರು ಮೂಲ ನೋಂದಣಿಯ ಕಚೇರಿಯವರು. ಈ ಕೆಲಸವನ್ನು ಮಾರುವವರಿಂದಲೇ ಮಾಡಿಸಿಕೊಳ್ಳಿ. ಮುಂಗಡ ಕೊಟ್ಟ ಮೇಲೆ ಯಾರೂ ಆ ಮೆಟ್ಟಿಲು ಹತ್ತುವುದಿಲ್ಲ.

ಹದಿನೈದು ವರ್ಷ ದಾಟಿದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಿ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. ದೆಹಲಿಯ ಸುದ್ದಿ ಓದಿ ಹೆದರುವವರಿದ್ದಾರೆ. ವಯಸ್ಸಾಯಿತೆಂದು ಗಾಡಿಯನ್ನು ರಸ್ತೆಯಿಂದಲೇ ಇಳಿಸುವ ನಿಯಮ ಇಲ್ಲಿ ಇಲ್ಲ.

ಎಂಜಿನ್ ವಿಷಯಕ್ಕೆ ಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂತಹ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಎಂದಾದರೆ ಎಫ್‌ಸಿ ಸಿಗುವುದಿಲ್ಲ. ಅಪಘಾತವಾದರೆ ವಿಮೆಯವರು ಹಿಡಿದುಕೊಳ್ಳುವುದೂ ಇದನ್ನೇ. ಎಂಜಿನ್ ನಂಬರನ್ನು ನೀವೇ ಟಾರ್ಚ್ ಹಿಡಿದು ಓದಿ.

ಮಾರುವವರು "ಐವತ್ತು ವರ್ಷ ದಾಟಿದೆ, ವಿಂಟೇಜ್ ನಂಬರ್ ಮಾಡಿಸಿಕೊಳ್ಳಿ" ಎನ್ನಬಹುದು. 2021ರ ಆ ನಿಯಮದಲ್ಲಿ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ವಿಎ ಅಕ್ಷರ. ಆದರೆ ಎಂಜಿನ್ ಬದಲಾದ ಗಾಡಿಗೆ ಅದು ಅನ್ವಯಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥವಕ್ಕೆ ಮಾತ್ರ ಹೊರಗೆ ತೆಗೆಯಬಹುದು. ಸಾವನದುರ್ಗಕ್ಕೆ ಹೋಗುವ ನಿಮಗೆ ಅದು ಬೇಡವೇ ಬೇಡ.

ರಾಜಾಜಿನಗರದಿಂದ

ಮೇಲಿನವರು ಕಾಗದ ಹೇಳಿದರು, ನಾನು ಕಬ್ಬಿಣ ಹೇಳುತ್ತೇನೆ. ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗೆ ತುಕ್ಕೇ ಶತ್ರು. ನೆಲದ ಮ್ಯಾಟ್ ಎತ್ತಿ ನೋಡಿ. ಆಮೇಲೆ ಕೆಳಗೆ ಮಲಗಿ, ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಸ್‌ಗೆ ಸೇರುವ ಜಾಗವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ಕೆಸರು ಸೇರಿ ಕೊಳೆತಿದ್ದರೆ ಸದ್ದು ಮಂಕಾಗುತ್ತದೆ, ಹೊಸ ಬಣ್ಣ ಹಪ್ಪಳದಂತೆ ಏಳುತ್ತದೆ. ಅಲ್ಲಿಗೆ ಮಾತುಕತೆ ಮುಗಿಯಿತೆಂದೇ ತಿಳಿಯಿರಿ.

ಮಲಗಿರುವಾಗಲೇ ಇನ್ನೊಂದು: ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಒಯ್ಯುವ ದಂಡ, ಅಂದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಇದೆಯೇ? ಡೀಸೆಲ್ ಉಳಿಯುತ್ತದೆಂದು ಅದನ್ನು ಬಿಚ್ಚಿ ಕೊಟ್ಟಿಗೆಗೆ ಎಸೆದ ತೋಟಗಳನ್ನು ಕಂಡಿದ್ದೇನೆ. ಲಿವರ್ ಸಲೀಸಾಗಿ ಫೋರ್ ವೀಲ್‌ಗೆ ಬೀಳುತ್ತದೆ, ಮುಂದಿನ ಚಕ್ರಕ್ಕೆ ಸುದ್ದಿಯೇ ಹೋಗುವುದಿಲ್ಲ.

ಮುಂದಿನ ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಚಕ್ರದ ಬೇರಿಂಗ್, ಇಲ್ಲವೇ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ನಿನ ಬೇರಿಂಗ್ ಸವೆದಿದೆ. ಕಿಂಗ್‌ಪಿನ್ನಿನದ್ದಾದರೆ ವೇಗದಲ್ಲಿ ಒಂದು ಗುಂಡಿ ಸಿಕ್ಕರೆ ಸಾಕು, ಸ್ಟೀರಿಂಗ್ ಕೈಯಲ್ಲಿ ಕುಣಿಯುತ್ತದೆ. ಇದಕ್ಕೆ ಹೆದರಬೇಡಿ, ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಬೇರಿಂಗ್ ಸಿಗುತ್ತದೆ. ಕೊಳೆತ ಚಾಸಿಸ್‌ಗೆ ಜೆ.ಸಿ. ರಸ್ತೆಯಲ್ಲೂ ಮದ್ದಿಲ್ಲ.

ಯಲಹಂಕದಿಂದ

ಜೋಂಗಾ ಬಗ್ಗೆ. ನಿಸ್ಸಾನ್ ಪ್ಯಾಟ್ರೋಲ್ ಎಂಬ ಜಪಾನಿ ಗಾಡಿಯ ಆಧಾರದ ಮೇಲೆ ಜಬಲ್ಪುರದ ಕಾರ್ಖಾನೆಯಲ್ಲಿ ಸೇನೆಗಾಗಿ ಕಟ್ಟಿದ್ದು. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಎಂಜಿನ್. ನನ್ನ ಬಳಿ ಇದೆ, ಪ್ರಾಣ. ಆದರೂ ನಿಮಗೆ ಬೇಡ ಎನ್ನುತ್ತೇನೆ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಬಂದರೆ ಪುಣ್ಯ, ಬಿಡಿಭಾಗಕ್ಕೆ ಗುಜರಿ ಅಲೆಯಬೇಕು, ಬನಶಂಕರಿಯ ಅಡ್ಡರಸ್ತೆಯಲ್ಲಿ ತಿರುಗಿಸಲು ತೋಳು ಬೇಕು. ಹರಾಜಿನ ಗಾಡಿಯಾದರೆ ಸೇನೆಯ ಬಿಡುಗಡೆ ಪತ್ರ ಇಲ್ಲದೆ ಮುಟ್ಟಲೇಬೇಡಿ.

ಮಲ್ಲೇಶ್ವರದಿಂದ

ಡೀಸೆಲ್ ಕೂರಿಸಿದವರನ್ನು ಇಷ್ಟು ಬೈಯುವುದು ಬೇಡ, ತೋಟದಲ್ಲಿ ಗೊಬ್ಬರ ಹೊರುವ ಗಾಡಿ ಅದು. ಆದರೆ 3ಬಿಯ ಬಾನೆಟ್ ಅಷ್ಟು ಎತ್ತರವಿರುವುದೇ ಒಳಹರಿವಿನ ವಾಲ್ವ್ ಸಿಲಿಂಡರಿನ ತಲೆಯ ಮೇಲಿರುವ, ಹರಿಕೇನ್ ಎಂಬ ಆ ಮೂಲ ಪೆಟ್ರೋಲ್ ಎಂಜಿನ್ನಿಗಾಗಿ. ಹಳೆಯ ಎಂಜಿನ್ ಕೊಟ್ಟಿಗೆಯಲ್ಲಿ ಬಿದ್ದಿದೆಯೇ ಕೇಳಿ. ಇದ್ದರೆ, ನಂಬರ್ ಪುಸ್ತಕಕ್ಕೆ ಹೊಂದಿದರೆ, ಅದನ್ನೂ ಸೇರಿಸಿಯೇ ಬೆಲೆ ಮಾತಾಡಿ. ಮರಳಿ ಕೂರಿಸುವಾಗ ಇಂಧನದ ರಬ್ಬರ್ ಕೊಳವೆಗಳನ್ನು ಬದಲಿಸಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ, ಹಳೆಯ ರಬ್ಬರನ್ನು ಅದು ತಿನ್ನುತ್ತದೆ.

ಬನಶಂಕರಿಯಿಂದ

ಎಲ್ಲರಿಗೂ ಧನ್ಯವಾದ. ಜೋಂಗಾ ಕೈಬಿಟ್ಟೆ. ಊರೊಳಗೆ ಮಳೆ ಬಂದಾಗ ಫೋರ್ ವೀಲ್ ಹಾಕಿಕೊಂಡೇ ಓಡಿಸಬಹುದೇ?

ರಾಜಾಜಿನಗರದಿಂದ

ಬೇಡ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಈ ಜೀಪಿನಲ್ಲಿ ಎರಡೂ ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ; ಹಿಡಿತವಿರುವ ಡಾಂಬರಿನಲ್ಲಿ ಎಲ್ಲ ಬಿಗಿದು ಗೇರ್ ಹಲ್ಲಿನ ಮೇಲೆ ಬೀಳುತ್ತದೆ. ಅಂಡರ್‌ಪಾಸಿನ ನೀರು ದಾಟಿದರೆ ಮಾತ್ರ ಒಂದಷ್ಟು ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗಿ, ನಾಲ್ಕೂ ಡ್ರಮ್ ಒಣಗಲಿ. ಮೂಡಿಗೆರೆಗೆ ಹೋಗುವ ದಿನ ತಿಳಿಸಿ, ಬಿಡುವಿದ್ದರೆ ಸುತ್ತಿಗೆ ತೆಗೆದುಕೊಂಡು ನಾನೂ ಬರುತ್ತೇನೆ.